ಯಾವ ಭಜಿ?

ನಮ್ಮಪ್ಪ ಮೂವತ್ತೈದು ವರ್ಷ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು. ಪ್ರಶ್ನೆ ಕೇಳುವುದು ಅವರ ಕಸುಬು. ಉತ್ತರ ಹುಡುಕುವುದು ಎದುರಿಗೆ ಕೂತವರ ಹಣೆಬರಹ. ಅವರು ನನ್ನನ್ನು ಕೇಳಿದ ನೂರಾರು ಪ್ರಶ್ನೆಗಳಿಗೆ ಸರಿಯೋ ತಪ್ಪೋ ಏನೋ ಒಂದು ಹೇಳಿ ಪಾರಾಗಿದ್ದೇನೆ. ಒಂದಕ್ಕೆ ಮಾತ್ರ ಇಂದಿನವರೆಗೂ ಉತ್ತರ ಹೊಳೆದಿಲ್ಲ. 1996ರ ಮಳೆಗಾಲದಲ್ಲಿ, ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಕೇಳಿದ ಪ್ರಶ್ನೆ ಅದು. ವಿಷಯ ಬ್ರಹ್ಮವೂ ಅಲ್ಲ, ಮಾಯೆಯೂ ಅಲ್ಲ, ಮಿರ್ಚಿ ಭಜಿ.

ಆ ವರ್ಷದ ಚೈತ್ರದಲ್ಲಿ ಅವರಿಗೆ ಎದೆನೋವು ಬಂದು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಆಗ ಅವರಿಗೆ ಎಪ್ಪತ್ತೊಂದು. ಮನೆಗೆ ಕಳಿಸುವಾಗ ಡಾಕ್ಟರರು ಒಂದು ಚೀಟಿಯಲ್ಲಿ ಗುಳಿಗೆಗಳನ್ನು ಬರೆದುಕೊಟ್ಟರು, ಇನ್ನೊಂದರಲ್ಲಿ ನಿಷೇಧಗಳನ್ನು. ಎರಡನೆಯ ಚೀಟಿಯನ್ನು ನಾನು ದೇವರ ಮನೆಯ ಗೋಡೆಗೆ ಅಂಟಿಸಿದೆ. ಉಪ್ಪು ಕಡಿಮೆ, ತುಪ್ಪ ಕಡಿಮೆ, ದಿನಾ ನಡೆಯಬೇಕು, ಕರಿದದ್ದು ಬಂದ್. 'ಬಂದ್' ಎಂಬ ಶಬ್ದದ ಕೆಳಗೆ ಡಾಕ್ಟರರು ಎರಡು ಗೆರೆ ಎಳೆದಿದ್ದರು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವನು. ಎಣ್ಣೆ ಕಾದರೆ ಏನಾಗುತ್ತದೆ ಎಂಬುದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಹೀಗಾಗಿ ಆ ಎರಡು ಗೆರೆಗಳಿಗೆ ನಾನೇ ಕಾವಲುಗಾರನಾದೆ. ಅವ್ವ ಇದ್ದಿದ್ದರೆ ಈ ಕೆಲಸ ಅವಳು ಇನ್ನಷ್ಟು ಜಾಣತನದಿಂದ ಮಾಡುತ್ತಿದ್ದಳು. ಅವಳು 1991ರಲ್ಲೇ ತೀರಿಕೊಂಡಿದ್ದಳು.

ಅಪ್ಪನಿಗೆ ಸಂಜೆ ತಿರುಗಾಡುವ ರೂಢಿ ಬಹಳ ಹಿಂದಿನದು. ಮನೆಯಿಂದ ಹೊರಟು ರೈಲು ನಿಲ್ದಾಣದ ಕಡೆ ಒಂದು ಸುತ್ತು ಹಾಕಿ, ಅಲ್ಲೊಂದು ಬೇವಿನ ಗಿಡದ ಕಟ್ಟೆಯ ಮೇಲೆ ಮೂವರು ಪಿಂಚಣಿದಾರರ ಜೊತೆ ಕುಳಿತು, ಕತ್ತಲಾಗುವಾಗ ತಿರುಗಿ ಬರುತ್ತಿದ್ದರು. ಕಟ್ಟೆಗೆ ಹತ್ತು ಹೆಜ್ಜೆ ದೂರದಲ್ಲಿ ಒಬ್ಬ ಹೆಣ್ಣುಮಗಳು ಭಜಿಯ ಗಾಡಿ ಇಟ್ಟಿದ್ದಳು. ಎಲ್ಲರೂ ಅವಳಿಗೆ 'ಅಕ್ಕಾ' ಎನ್ನುತ್ತಿದ್ದರು. ಆಸ್ಪತ್ರೆಯಿಂದ ಬಂದು ಎರಡು ತಿಂಗಳ ಮೇಲೆ ಡಾಕ್ಟರರ ಅಪ್ಪಣೆಯಂತೆ ತಿರುಗಾಟ ಮತ್ತೆ ಶುರುವಾಯಿತು. ಒಂದು ದಿನ ನನ್ನ ಹೆಂಡತಿ ಅವರ ಜುಬ್ಬ ಒಗೆಯಲು ನೆನೆಹಾಕುವಾಗ ಕಿಸೆಯಲ್ಲಿ ಎಣ್ಣೆ ಹೀರಿದ ವರ್ತಮಾನಪತ್ರಿಕೆಯ ತುಂಡು ಸಿಕ್ಕಿತು. ಕಳ್ಳನಾದವನು ಸಾಕ್ಷಿಯನ್ನು ಕಿಸೆಯಲ್ಲಿ ಮಡಚಿಟ್ಟುಕೊಂಡು ಮನೆಗೆ ಬರುತ್ತಾನೆಯೇ? ರಸ್ತೆಯಲ್ಲಿ ಕಸ ಚೆಲ್ಲಬಾರದೆಂದು ಮೂವತ್ತೈದು ವರ್ಷ ಹುಡುಗರಿಗೆ ಕಲಿಸಿದ ಮನುಷ್ಯ.

ಅಂದು ಸಂಜೆ ಅವರನ್ನು ಕೂಡಿಸಿಕೊಂಡು ನಾನೊಂದು ಪಾಠ ಮಾಡಿದೆ. ಅವರು ಅಡ್ಡಮಾತು ಆಡದೆ ಕೇಳಿದರು. ಮೊದಲು ಗೀತೆಯ ಹದಿನೇಳನೆಯ ಅಧ್ಯಾಯವನ್ನು ತಂದರು. ಸಾತ್ತ್ವಿಕರಿಗೆ ಪ್ರಿಯವಾದ ಆಹಾರದ ಪಟ್ಟಿಯಲ್ಲಿ 'ಸ್ನಿಗ್ಧ'ವಾದದ್ದು, ಅಂದರೆ ಜಿಡ್ಡಿನದು, ಸೇರಿದೆಯಲ್ಲ ಎಂದರು. ಅದರ ಮರುಶ್ಲೋಕದಲ್ಲೇ ಅತಿಖಾರದ್ದು, ಅತಿಬಿಸಿಯಾದದ್ದು ರೋಗ ತರುತ್ತದೆಂದು ಹೇಳಿದೆಯಲ್ಲ ಎಂದೆ ನಾನು. "ಅದು ಮೆಣಸಿನಕಾಯಿಗೆ ಹೇಳಿದ್ದಲ್ಲೋ. ಕೃಷ್ಣನ ಕಾಲಕ್ಕ ಮೆಣಸಿನಕಾಯಿ ಎಲ್ಲಿತ್ತು? ಪೋರ್ತುಗೀಜರು ತಂದದ್ದದು," ಎಂದು ನಕ್ಕರು. ನಾನು ನಗಲಿಲ್ಲ. ಒಂದೊಂದು ಭಜಿಯೂ ರಕ್ತನಾಳದಲ್ಲಿ ತನ್ನ ಪಾಲಿನ ಜಿಡ್ಡನ್ನು ಕೂಡಿಸುತ್ತ ಹೋಗುತ್ತದೆ ಎಂದು ಬಿಗಿಯಾಗಿ ಹೇಳಿದೆ. ಆಗ ಅವರು ಕೇಳಿದರು:

"ನಾ ಭಜಿ ತಿನ್ನಲಿಕ್ಕೆ ಹತ್ತಿ ಅರವತ್ತು ವರ್ಷ ಆತು. ಅಷ್ಟರೊಳಗ ನನಗ ಈ ರೋಗ ತಂದದ್ದು ಯಾವ ಭಜಿ? ಅದನ್ನ ತೋರಿಸು. ಅದೊಂದನ್ನ ಬಿಟ್ಟು ಉಳಿದದ್ದು ತಿಂತೀನಿ."

ಇದು ಬರೀ ಚೇಷ್ಟೆಯ ಮಾತಲ್ಲ ಎಂಬುದು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಪ್ರಾಚೀನ ಗ್ರೀಸಿನ ಯೂಬುಲಿಡೀಸ್ ಎಂಬವನ ಹೆಸರಿನಲ್ಲಿ ರಾಶಿಯ ಒಗಟು ಎಂಬುದೊಂದಿದೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಕಣದಲ್ಲಿ ಜೋಳದ ರಾಶಿ ಹಾಕಿದೆ ಎನ್ನಿ. ಒಂದು ಕಾಳು ತೆಗೆದರೆ ರಾಶಿ ರಾಶಿಯಾಗಿಯೇ ಉಳಿಯುತ್ತದೆ. ಇನ್ನೊಂದು ತೆಗೆದರೂ ಅಷ್ಟೆ. ಹೀಗೆ ತೆಗೆಯುತ್ತ ಹೋದರೆ ಯಾವ ಕಾಳಿಗೆ ಅದು ರಾಶಿಯಲ್ಲದ್ದಾಯಿತು? ಉತ್ತರವಿಲ್ಲ. ಆದರೆ ಕೊನೆಗೆ ಕಣ ಬರಿದಾಗಿರುವುದಂತೂ ನಿಜ. ಅಪ್ಪನ ಹೃದಯವೂ ಹಾಗೆಯೇ. ಕೆಟ್ಟದ್ದಂತೂ ನಿಜ, ಕೆಡಿಸಿದ ಭಜಿಯನ್ನು ಮಾತ್ರ ಯಾರೂ ಬೊಟ್ಟುಮಾಡಿ ತೋರಿಸಲಾರರು. ಬೊಟ್ಟು ಮಾಡಿದ ಪ್ರತಿಯೊಂದು ಭಜಿಯೂ ನಿರಪರಾಧಿ.

ಆ ದಿನ ಅವರು ಒಂದು ರಾಜಿಯ ಮಾತನ್ನೂ ಆಡಿದರು. "ದಿನಾ ಬ್ಯಾಡ. ಗುರುವಾರಕ್ಕೊಮ್ಮೆ ಎರಡು. ಉಳಿದ ದಿನ ಮುಟ್ಟಂಗಿಲ್ಲ." ನಾನು ಒಪ್ಪಲಿಲ್ಲ. ಗುರುವಾರದ ಎರಡು ಭಾನುವಾರಕ್ಕೂ ಹಬ್ಬುತ್ತದೆ, ಮಳೆ ಬಂದ ದಿನಕ್ಕೂ ಹಬ್ಬುತ್ತದೆ, ಕೊನೆಗೆ ಮೊದಲಿನ ರೂಢಿಗೇ ಬಂದು ನಿಲ್ಲುತ್ತದೆ ಎಂದು ವಾದಿಸಿದೆ. ಡಾಕ್ಟರರ 'ಬಂದ್' ನನಗೆ ಅನುಕೂಲವಾಗಿತ್ತು. ಎಂದೂ ಇಲ್ಲ ಎಂಬ ನಿಯಮಕ್ಕೆ ಲೆಕ್ಕ ಬೇಡ, ನಂಬಿಕೆಯೂ ಬೇಡ. ಕಾವಲು ಇದ್ದರೆ ಸಾಕು. ನಾನು ಮರೆತದ್ದೇನೆಂದರೆ, ಎದುರಿಗೆ ಕೂತ ಈ ಮನುಷ್ಯ ಐವತ್ತು ವರ್ಷ ತಿಂಗಳಿಗೆರಡು ಏಕಾದಶಿಯಂತೆ ಉಪವಾಸ ಮಾಡಿದವರು. ಜ್ವರವಿದ್ದಾಗಲೂ ಬಿಟ್ಟವರಲ್ಲ. ಸಾವಿರಕ್ಕೂ ಹೆಚ್ಚು ದಿನ ಅನ್ನ ಬಿಟ್ಟ ಮನುಷ್ಯನ ಕೈಯಲ್ಲಿ ವಾರದ ಆರು ದಿನ ಭಜಿ ಬಿಡುವುದಾಗದು ಎಂದು ನಾನು ತೀರ್ಮಾನಿಸಿಬಿಟ್ಟೆ.

ಮರುದಿನ ಕಾಲೇಜಿನಿಂದ ಬರುವಾಗ ಗಾಡಿಯ ಹತ್ತಿರ ಸೈಕಲ್ ನಿಲ್ಲಿಸಿ ಅಕ್ಕನಿಗೆ ಹೇಳಿದೆ, "ನಮ್ಮ ಅಪ್ಪಗ ಹಾರ್ಟಿನ ತ್ರಾಸ ಅದ. ಇನ್ನಮ್ಯಾಲೆ ಅವರು ಕೇಳಿದ್ರ ಭಜಿ ಕೊಡಬ್ಯಾಡ್ರಿ."

ಅವಳು ಜಾಲರಿ ಸೌಟಿನಿಂದ ಭಜಿ ತಿರುವುತ್ತ, ತಲೆ ಎತ್ತದೆ ಕೇಳಿದಳು, "ಅಲ್ರಿ ಸರ, ಹಂಗಂದ್ರ ಬಂದವ್ರಿಗೆಲ್ಲಾ ಹಾರ್ಟ್ ಐತೇನ್ರಿ ಅಂತ ಕೇಳಿ ಕೊಡ್ಲೇನು?"

ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೇ ಕೇಳುತ್ತಿದ್ದಳು. ನಾನು ಸ್ವಲ್ಪ ಹೊತ್ತು ಕಡಾಯಿ ನೋಡುತ್ತ ನಿಂತೆ. ಬರಿಗೈಯಿಂದ ಹೋಗುವುದು ಸರಿಯಲ್ಲವೆನಿಸಿ ಎಂಟು ಭಜಿ ಕಟ್ಟಿಸಿಕೊಂಡೆ.

ಹೌದು, ಅಪ್ಪನಿಗೆ ಕೊಡಬೇಡವೆಂದು ಹೇಳಿ ನಾನು ಎಂಟು ಭಜಿ ಮನೆಗೆ ತಂದೆ. ಮಕ್ಕಳು ಸಣ್ಣವರಿದ್ದರು, ಅವರಿಗೆಂದು ತಂದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ನಾಲ್ವರೂ ಸದ್ದಿಲ್ಲದೆ ತಿಂದೆವು. ಬಾಗಿಲು ಸದ್ದನ್ನು ತಡೆಯಬಹುದು, ವಾಸನೆಯನ್ನಲ್ಲ. ಕೈ ತೊಳೆದುಕೊಂಡು ಪಡಸಾಲೆಗೆ ಬಂದಾಗ ಅಪ್ಪ ಪತ್ರಿಕೆಯಿಂದ ಕಣ್ಣು ತೆಗೆಯದೆ ಇಷ್ಟೇ ಅಂದರು: "ಎಣ್ಣಿ ಹಳೇದದ."

ಅವರು ಹೇಳಿದ್ದು ಸರಿಯಾಗಿತ್ತು. ಎಣ್ಣೆ ಹಳೆಯದಾಗಿತ್ತು.

ಇಲ್ಲಿ ನನ್ನ ಕಸುಬಿನ ಮಾತು ಸ್ವಲ್ಪ ಹೇಳುತ್ತೇನೆ. ಕಡಾಯಿಯ ಎಣ್ಣೆ 180 ಡಿಗ್ರಿಯ ಆಸುಪಾಸಿಗೆ ಕಾದಿರುವಾಗ ಹಿಟ್ಟು ಬಿಟ್ಟರೆ, ಹಿಟ್ಟಿನೊಳಗಿನ ನೀರು ಉಗಿಯಾಗಿ ಹೊರಕ್ಕೆ ನುಗ್ಗುತ್ತದೆ. ಭಜಿಯ ಸುತ್ತ ಕಾಣುವ ಗುಳ್ಳೆಗಳು ಎಣ್ಣೆಯವಲ್ಲ, ನೀರಿನವು. ಉಗಿ ಹೊರಗೆ ಬರುತ್ತಿರುವ ತನಕ ಎಣ್ಣೆಗೆ ಒಳಗೆ ಹೋಗಲು ದಾರಿ ಕಡಿಮೆ. ಹೊರತೆಗೆದು ಆರಲು ಬಿಟ್ಟಾಗ ಒಳಗಿನ ಉಗಿ ಮತ್ತೆ ನೀರಾಗುತ್ತದೆ, ಆ ತೆರವಿಗೆ ಮೈಮೇಲಿನ ಎಣ್ಣೆ ಎಳೆದುಕೊಳ್ಳುತ್ತದೆ. ಅಂದರೆ ಭಜಿ ತನ್ನ ಪಾಲಿನ ಎಣ್ಣೆಯ ಬಹುಭಾಗವನ್ನು ಕುಡಿಯುವುದು ಕಡಾಯಿಯಲ್ಲಿ ಅಲ್ಲ, ತಟ್ಟೆಯಲ್ಲಿ. ಎಣ್ಣೆಯ ಕಾವು ಸಾಲದಿದ್ದರೆ, ಹಿಟ್ಟಿಗೆ ಸೋಡಾ ಹೆಚ್ಚಾದರೆ, ಇನ್ನೂ ಹೆಚ್ಚು ಕುಡಿಯುತ್ತದೆ. ಇನ್ನು ಎಣ್ಣೆಯ ಗತಿ. ಗಾಳಿ, ನೀರು, ಕಾವು ಈ ಮೂರೂ ಸೇರಿ ಅದನ್ನು ಒಡೆಯುತ್ತವೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಕಪ್ಪಾಗುತ್ತದೆ, ಮಂದವಾಗುತ್ತದೆ, ನೊರೆ ಕಟ್ಟುತ್ತದೆ, ಮೊದಲಿಗಿಂತ ಬೇಗ ಹೊಗೆಯಾಡುತ್ತದೆ. ಅದರಲ್ಲಿ ಹುಟ್ಟುವ ಹೊಸ ಪದಾರ್ಥಗಳಿಗೆ ಒಟ್ಟಾಗಿ ಧ್ರುವೀಯ ಸಂಯುಕ್ತಗಳೆಂದು ಹೆಸರು. ಇವು ಶೇಕಡಾ 25ಕ್ಕಿಂತ ಹೆಚ್ಚಾದ ಎಣ್ಣೆಯನ್ನು ಅಡುಗೆಗೆ ಬಳಸಬಾರದೆಂದು ನಮ್ಮ ದೇಶದಲ್ಲಿ 2018ರ ಜುಲೈ 1ರಿಂದ ಕಾನೂನಿದೆ. ವನಸ್ಪತಿಯಲ್ಲಿದ್ದು ಹೃದಯಕ್ಕೆ ಹೆಚ್ಚು ಕೇಡು ಮಾಡುತ್ತಿದ್ದ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ಶೇಕಡಾ 2ರ ಮಿತಿ ಬಂತು. 1996ರಲ್ಲಿ ಇವು ಯಾವುವೂ ಇರಲಿಲ್ಲ. ಆದರೆ ಕಾನೂನು ಅಳೆಯುವುದನ್ನು ಅಪ್ಪನ ಮೂಗು ಪಡಸಾಲೆಯಲ್ಲಿ ಕೂತೇ ಅಳೆದಿತ್ತು.

ನಮ್ಮ ಅವ್ವನಿಗೂ ಇದು ಗೊತ್ತಿತ್ತು. ಕರಿದು ಉಳಿದ ಎಣ್ಣೆಯನ್ನು ಸೋಸಿಟ್ಟು ಎರಡು ದಿನದೊಳಗೆ ಪಲ್ಯದ ಒಗ್ಗರಣೆಗೆ ಮುಗಿಸಿಬಿಡುತ್ತಿದ್ದಳು, ಅದರಲ್ಲಿ ಮತ್ತೆ ಕರಿಯುತ್ತಿರಲಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂತ್ರಗಳಲ್ಲಿ ಹೆಚ್ಚುಕಡಿಮೆ ಇದೇ ಮಾತಿರುವುದನ್ನು ಓದಿದಾಗ, ಮುಲ್ಕಿಯೂ ಪಾಸಾಗದ ಅವ್ವನ ಬಗ್ಗೆ ನನಗೆ ಹೆಮ್ಮೆಯಾಯಿತು. ಅವಳ ಬಳಿ ವಿಜ್ಞಾನವಿರಲಿಲ್ಲ, ಬಡತನವಿತ್ತು. ತಿಂಗಳಿಗೆ ತರುತ್ತಿದ್ದ ಕುಸುಬಿ ಎಣ್ಣೆಯನ್ನು ತಿಂಗಳ ಕೊನೆಯವರೆಗೆ ಎಳೆಯಬೇಕಿತ್ತು. ಆದ್ದರಿಂದ ಮನೆಯಲ್ಲಿ ಕಡಾಯಿ ಒಲೆ ಏರುತ್ತಿದ್ದದ್ದು ನಾಗರ ಪಂಚಮಿ, ಗಣೇಶ ಚೌತಿ, ದೀಪಾವಳಿಗೆ, ಬೀಗರು ಬಂದರೆ, ಹಿರಿಯರ ಶ್ರಾದ್ಧಕ್ಕೆ. ನಮ್ಮ ಶಾಸ್ತ್ರಕಾರರು ಕರ್ಮವನ್ನು ನಿತ್ಯ, ನೈಮಿತ್ತಿಕ ಎಂದು ವಿಭಾಗಿಸಿದ್ದಾರೆ. ದಿನವೂ ಮಾಡುವ ಸಂಧ್ಯಾವಂದನೆ ನಿತ್ಯ, ನಿಮಿತ್ತವಿದ್ದಾಗ ಮಾಡುವ ಶ್ರಾದ್ಧ ನೈಮಿತ್ತಿಕ. ಕರಿಯುವುದು ಸಾವಿರ ವರ್ಷ ನೈಮಿತ್ತಿಕವಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ವಡೆಯಂಥ ತಿನಿಸುಗಳನ್ನು ವರ್ಣಿಸಿದ್ದಾನೆ. ಆದರೆ ಅದು ರಾಜಭೋಗದ ಪ್ರಕರಣ. ದಿನಾ ತಿನ್ನುವ ಯೋಗ್ಯತೆ ರಾಜನಿಗೆ ಇತ್ತು, ಪ್ರಜೆಗೆ ಹಬ್ಬ ಬರಬೇಕಿತ್ತು. 1994ರಲ್ಲಿ ಎಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ ಅಗ್ಗದ ತಾಳೆ ಎಣ್ಣೆ ಗಾಡಿಗಾಡಿಗೂ ಬಂತು, ಇಂದು ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದೇ. ನೈಮಿತ್ತಿಕ ನಿತ್ಯವಾಯಿತು. ನಾವು ಸಂಧ್ಯಾವಂದನೆ ಬಿಟ್ಟ ಹೊತ್ತಿಗೇ, ಅದೇ ವೇಳೆಗೆ, ಭಜಿ ಶುರುವಾಯಿತು ಎಂದು ಅಪ್ಪನೇ ಒಮ್ಮೆ ಅಂದಿದ್ದರು. ಅವರು ಎರಡನ್ನೂ ಮಾಡುತ್ತಿದ್ದರು, ಆ ಮಾತು ಬೇರೆ.

ಮುಂದಿನದನ್ನು ಬರೆಯುವುದು ನನಗೆ ಅಷ್ಟು ಸುಲಭವಲ್ಲ. ಅಂದಿನ ಮಾರನೆಯ ದಿನ ಅಪ್ಪ ಎಂದಿನಂತೆ ಹೋದರು. ಗಾಡಿಯ ಮುಂದೆ ನಿಂತು ಎರಡು ಕೇಳಿದರು. ಕಟ್ಟೆಯ ಮೇಲೆ ಗೆಳೆಯರು, ಸುತ್ತಲೂ ಕಾಲೇಜು ಹುಡುಗರು. ಅಕ್ಕ ಗಟ್ಟಿಯಾಗಿಯೇ ಅಂದಳಂತೆ, "ಮಾಸ್ತರ, ನಿಮಗ ಕೊಡಬ್ಯಾಡ ಅಂತ ಸರ ಹೇಳಿ ಹೋಗ್ಯಾರ್ರಿ." ಯಾರೋ ನಕ್ಕರು. ಅಪ್ಪ "ಹೌದಾ?" ಎಂದರು. ಸ್ವಲ್ಪ ನಿಂತು, ಕಟ್ಟೆಯ ಕಡೆಗೂ ಹೋಗದೆ ಮನೆಗೆ ನಡೆದು ಬಂದರು. ಇದನ್ನು ನನಗೆ ಹೇಳಿದವರು ಕಟ್ಟೆಯ ಗೆಳೆಯರಲ್ಲೊಬ್ಬರು, ಅದೂ ತಿಂಗಳ ಮೇಲೆ. ಅಪ್ಪ ಮಾತ್ರ ನನ್ನ ಮುಂದೆ ಎಂದೂ ಆ ವಿಷಯ ಎತ್ತಲಿಲ್ಲ. ಅಂದಿನಿಂದ ಅವರ ತಿರುಗಾಟ ನಿಂತಿತು.

ಡಾಕ್ಟರರು ದಿನಾ ನಡೆಯಬೇಕೆಂದಿದ್ದಾರೆ ಎಂದು ನಾನು ಗೋಡೆಯ ಚೀಟಿ ತೋರಿಸಿದೆ. ಬೇರೆ ದಾರಿಯಲ್ಲಿ ಹೋಗಿರಿ ಎಂದೆ. ಕಾಲು ನೋಯುತ್ತವೆ ಎಂದರು. ಹಾಗಾದರೆ ಅಂಗಳದಲ್ಲೇ ಹತ್ತು ಸುತ್ತು ಹಾಕಿರಿ ಎಂದಾಗ ಮಾತ್ರ ಒಂದು ಮಾತು ಬಂತು: "ಸುತ್ತಲಿಕ್ಕೆ ನಾ ಏನ್ ಗಾಣದ ಎತ್ತೇನು?" ನಾನು ಎರಡು ಭಜಿ ಉಳಿಸಲು ಹೋಗಿ ಮುಕ್ಕಾಲು ಗಂಟೆಯ ನಡಿಗೆ ಕಳೆದಿದ್ದೆ, ಮೂವರು ಗೆಳೆಯರನ್ನೂ ಕಳೆದಿದ್ದೆ. ಹೃದಯದ ಲೆಕ್ಕದಲ್ಲೇ ನೋಡಿದರೂ ಇದು ಲಾಭದ ವ್ಯಾಪಾರವಲ್ಲ. ಮನೆಯಲ್ಲಿ ಕರಿದದ್ದು ಅವರ ತಟ್ಟೆಗೆ ಬೀಳಲಿಲ್ಲ, ಚೀಟಿಯ ಆ ಒಂದು ಸಾಲು ಚಾಚೂ ತಪ್ಪದೆ ನಡೆಯಿತು. 1999ರ ಮಾಘದಲ್ಲಿ ಅವರು ರಾತ್ರಿ ನಿದ್ದೆಯಲ್ಲೇ ಹೋದರು.

ನಾನು ಅವರ ಆಯುಷ್ಯಕ್ಕೆ ಏನಾದರೂ ಕೂಡಿಸಿದೆನೋ, ಇದ್ದದ್ದರಲ್ಲೇ ಕಳೆದೆನೋ? ಆ ಪ್ರಶ್ನೆ ಬಂದಾಗಲೆಲ್ಲ ನಾನು ಓದಲು ಕೂರುತ್ತೇನೆ. ಕಲಿಸುವವರ ಚಟವೇ ಅದು. 2012ರಲ್ಲಿ ಸ್ಪೇನ್ ದೇಶದ 40,757 ಜನರನ್ನು ಹನ್ನೊಂದು ವರ್ಷ ಹಿಂಬಾಲಿಸಿದ ಅಧ್ಯಯನ ಪ್ರಕಟವಾಯಿತು. ಕರಿದದ್ದು ಹೆಚ್ಚು ತಿಂದವರಿಗೂ ಕಡಿಮೆ ತಿಂದವರಿಗೂ ಹೃದಯರೋಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ವಿವರ ನೋಡಿದೆ. ಅವರು ಕರಿಯುವುದು ಆಲಿವ್ ಎಣ್ಣೆಯಲ್ಲಿ, ಸೂರ್ಯಕಾಂತಿ ಎಣ್ಣೆಯಲ್ಲಿ. ಅದೇ ಎಣ್ಣೆಯನ್ನು ಹಲವು ಸಲ ಕಾಯಿಸುವ ರೂಢಿ ಅಲ್ಲಿ ಕಡಿಮೆ. 2019ರಲ್ಲಿ ಅಮೆರಿಕದಿಂದ ಇನ್ನೊಂದು ಬಂತು. ಐವತ್ತು ದಾಟಿದ ಸುಮಾರು 1,07,000 ಹೆಣ್ಣುಮಕ್ಕಳು. ದಿನಕ್ಕೊಮ್ಮೆಯಾದರೂ ಕರಿದದ್ದು ತಿಂದವರಲ್ಲಿ ಸಾವಿನ ಸಂಭವ, ತಿನ್ನದವರಿಗಿಂತ ಶೇಕಡಾ 8ರಷ್ಟು ಹೆಚ್ಚು. 2021ರಲ್ಲಿ ಹದಿನೇಳು ಅಧ್ಯಯನಗಳನ್ನು ಒಟ್ಟುಗೂಡಿಸಿದವರು, ಅತಿ ಹೆಚ್ಚು ತಿನ್ನುವವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥವು ಅತಿ ಕಡಿಮೆ ತಿನ್ನುವವರಿಗಿಂತ ಶೇಕಡಾ 28ರಷ್ಟು ಹೆಚ್ಚೆಂದು ಬರೆದರು. ವಾರಕ್ಕೆ 114 ಗ್ರಾಂ ಹೆಚ್ಚಾದಂತೆಲ್ಲ ಶೇಕಡಾ 3.

ಈ ಶೇಕಡಾಗಳನ್ನು ಓದುವಾಗ ಜನ ಎಡವುತ್ತಾರೆ. ಶೇಕಡಾ 8 ಎಂದರೆ ನೂರು ಜನರಲ್ಲಿ ಎಂಟು ಜನ ಹೆಚ್ಚಾಗಿ ಸತ್ತರೆಂದಲ್ಲ. ನೂರರಲ್ಲಿ ಹತ್ತು ಜನ ಸಾಯುವ ಕಡೆ ಹತ್ತಕ್ಕೆ ಬದಲು ಹತ್ತು ಮುಕ್ಕಾಲಿನ ಲೆಕ್ಕ ಬಂದಂತೆ. ಆ ಮುಕ್ಕಾಲು ಮನುಷ್ಯ ಯಾರು? ಅವನಿಗೆ ಹೆಸರಿಲ್ಲ, ಮುಖವಿಲ್ಲ. ದೇಶಕ್ಕೆ ಹರಡಿದರೆ ಅವನು ಲಕ್ಷಾಂತರ ಜನ. ನಮ್ಮ ಪಡಸಾಲೆಯಲ್ಲಿ ಹುಡುಕಿದರೆ ಯಾರೂ ಅಲ್ಲ. ಜೊತೆಗೆ ಕರಿದದ್ದು ಹೆಚ್ಚು ತಿನ್ನುವವರು ಸೇದುವುದು, ಕೂತಲ್ಲೇ ಕೂರುವುದು ಇತ್ಯಾದಿ ಬೇರೆ ರೂಢಿಗಳಿಂದಲೂ ಕೆಟ್ಟಿರಬಹುದು. ಅದನ್ನೆಲ್ಲ ಲೆಕ್ಕದಿಂದ ಪೂರ್ತಿ ಕಳೆಯಲಾಗದು ಎಂದು ಬರೆದವರೇ ಒಪ್ಪುತ್ತಾರೆ. ಹಾಗೆಂದು ವಿಜ್ಞಾನ ಸುಳ್ಳಲ್ಲ. ದಿನವೂ ಕರಿದದ್ದು ತಿನ್ನುವುದು, ಅದರಲ್ಲೂ ಹಳೆಯ ಎಣ್ಣೆಯದು, ಒಳ್ಳೆಯದಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದು ರಾಶಿಯ ಬಗ್ಗೆ ಹೇಳುತ್ತದೆ. ಅಪ್ಪ ಕೇಳಿದ್ದು ಕಾಳಿನ ಬಗ್ಗೆ.

ನನ್ನ ಪರವಾಗಿ ಹೇಳಬಹುದಾದದ್ದೂ ಇದೆ, ಅದನ್ನು ಬಿಡುವುದು ನ್ಯಾಯವಲ್ಲ. ಮನುಷ್ಯ ತನ್ನ ದೇಹಕ್ಕೆ ತಾನೇ ಒಡೆಯ ಎನ್ನುವವರು ಹನ್ನೊಂದು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನೋಡಬೇಕು. ಅಪ್ಪನ ಎದೆ ಅಪ್ಪನದು ಮಾತ್ರವಾಗಿರಲಿಲ್ಲ. ನನ್ನ ಹೆಂಡತಿ ಅವರ ಮಲಮೂತ್ರ ತೆಗೆದಿದ್ದಳು, ನಾನು ಸೊಸೈಟಿಯಲ್ಲಿ ಸಾಲ ಮಾಡಿದ್ದೆ, ಮಕ್ಕಳು ಪರೀಕ್ಷೆಯ ದಿನಗಳಲ್ಲಿ ನೆರೆಮನೆಯಲ್ಲಿ ಉಂಡಿದ್ದರು. ಇಷ್ಟೆಲ್ಲ ಆದಮೇಲೂ ಕಿಸೆಯಲ್ಲಿ ಎಣ್ಣೆಯ ಕಾಗದ ಸಿಕ್ಕರೆ ಸಿಟ್ಟು ಬರಬಾರದೇ? ಮತ್ತು ನಾನು ತಡೆಯದೆ ಇದ್ದು, ಅವರು ಆ ಶ್ರಾವಣದಲ್ಲೇ ಹೋಗಿದ್ದರೆ, ಇಂದು ಬರೆಯುತ್ತಿದ್ದ ಪ್ರಬಂಧ ಬೇರೆ, ಬರೆಯುವ ಕಾರಣ ಇದೇ ಆಗಿರುತ್ತಿತ್ತು.

ಹೀಗಿದ್ದೂ ನನ್ನ ತಪ್ಪು ಎಲ್ಲಿದೆ ಎಂಬುದು ನನಗೆ ಗೊತ್ತಿದೆ. ಬೇಡವೆಂದದ್ದರಲ್ಲಿ ಅದು ಇಲ್ಲ, ಗುರುವಾರವನ್ನು ಒಪ್ಪದೆ ಇದ್ದದ್ದರಲ್ಲಿದೆ. ಕೇಡು ಒಂದು ಭಜಿಯಲ್ಲಿಲ್ಲ, ರೂಢಿಯಲ್ಲಿದೆ ಎಂದಾದರೆ, ರೂಢಿಯನ್ನು ಹಿಡಿದು ನಿಲ್ಲಿಸುವವನು ಅದು ಯಾರದೋ ಆ ಮನುಷ್ಯ ಮಾತ್ರ. ಹೊರಗಿನ ಕಾವಲುಗಾರ ಎಷ್ಟು ಕಣ್ಣಿಟ್ಟರೂ ಅವನ ಕೈಗೆ ಸಿಗುವುದು ಒಂದೊಂದೇ ಭಜಿ, ಒಂದೊಂದೇ ಎಣ್ಣೆಯ ಕಾಗದ. ಅಪ್ಪ ತಮ್ಮ ಪ್ರಶ್ನೆಗೆ ತಾವೇ ಉತ್ತರ ಹೇಳಿದ್ದರು: ಯಾವ ಭಜಿ ಎಂದು ತೋರಿಸಲಾಗದಿದ್ದರೆ ಯಾವ ದಿನ ಎಂದು ಗೊತ್ತು ಮಾಡೋಣ ಎಂದು. ಏಕಾದಶಿಯ ಮನುಷ್ಯನಿಗೆ ತಿಳಿದ ದಾರಿ ಅದು. ಅದನ್ನು ಕಸಿದುಕೊಂಡು, ನಿಷೇಧ ಹೇಳುವ ಕೆಲಸವನ್ನು ನಾನು ಅಕ್ಕನ ಬಾಯಿಗೆ ಹಾಕಿದೆ. ಅವಳಿಗೂ ಅದು ಬೇಕಾಗಿರಲಿಲ್ಲ.

ಈಗ ವರ್ಷಕ್ಕೊಮ್ಮೆ ಅವರ ಶ್ರಾದ್ಧದಲ್ಲಿ ವಡೆ ಕರಿಯುತ್ತೇವೆ, ಶುದ್ಧ ಶೇಂಗಾ ಎಣ್ಣೆಯಲ್ಲಿ. ಪುರೋಹಿತರು ಪಿತೃಗಳು ತೃಪ್ತರಾದರೆಂದು ಹೇಳುತ್ತಾರೆ. ನಾನು ಆ ಹೊತ್ತಿಗೆ ಬೇರೆ ಕಡೆ ನೋಡುತ್ತೇನೆ.

2018ರಲ್ಲಿ ನಾನು ನಿವೃತ್ತನಾದೆ. ಅದರ ಮುಂಚೆಯೇ ಸಕ್ಕರೆ ಕಾಯಿಲೆ ಬಂದಿತ್ತು, ಆಮೇಲೆ ರಕ್ತದ ಒತ್ತಡ. ನನಗೂ ಒಂದು ಚೀಟಿ ಇದೆ. 2023ರ ಶ್ರಾವಣದಲ್ಲಿ ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ, ಬಹಳ ವರ್ಷಗಳ ಮೇಲೆ ಆ ದಾರಿ ಹಿಡಿದೆ. ಬೇವಿನ ಗಿಡ ಇಲ್ಲ, ರಸ್ತೆ ಅಗಲವಾಗಿದೆ. ಗಾಡಿ ಇದೆ; ಸೀಮೆಎಣ್ಣೆಯ ಸ್ಟೋವಿನ ಬದಲು ಗ್ಯಾಸ್ ಬಂದಿದೆ, ಕರಿಯುವವಳು ಸೊಸೆ. ಅಕ್ಕ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮೆಣಸಿನಕಾಯಿಯ ಹೊಟ್ಟೆ ಸೀಳಿ ಜೀರಿಗೆ, ಅಜವಾನ, ಹುಣಸೆಹುಳಿಯ ಮಸಾಲೆ ತುಂಬುತ್ತಿದ್ದಳು. ಕಣ್ಣು ಕಿರಿದು ಮಾಡಿ ನೋಡಿದಳು. "ಮಾಸ್ತರ ಮಗಾ ಅಲ್ರಿ ನೀವು?"

ಮಾತಾಡುತ್ತ ನಿಂತೆವು. ಗಾಡಿಯ ಮೇಲೆಯೇ ಮೂರು ಮಕ್ಕಳನ್ನು ಓದಿಸಿದಳಂತೆ. ಒಬ್ಬ ಹುಬ್ಬಳ್ಳಿಯಲ್ಲಿ ಕಂಪನಿಯಲ್ಲಿದ್ದಾನೆ. ತಾನು ಭಜಿ ತಿನ್ನುವುದಿಲ್ಲವಂತೆ. "ಮೂವತ್ತು ವರ್ಷ ಆ ಹೊಗಿ ಕುಡದೀನ್ರಿ ಸರ, ಇನ್ನ ತಿನ್ನಾಕ ಮನಸೇ ಬರಂಗಿಲ್ಲ." ಉಳಿದ ಎಣ್ಣೆಯನ್ನು ಏನು ಮಾಡುತ್ತೀರಿ ಎಂದು ಕೇಳಿದೆ, ಹಳೆಯ ಚಟ. ಈಗ ದಿನಾ ಬದಲಿ ಮಾಡುತ್ತೇವೆ ಎಂದಳು. ಸೊಸೆ ಏನೂ ಅನ್ನಲಿಲ್ಲ.

ಕೊನೆಗೆ, ಕೇಳಬಾರದೆಂದುಕೊಂಡು ಬಂದದ್ದನ್ನು ಕೇಳಿದೆ. "ಆಸ್ಪತ್ರಿಯಿಂದ ಬಂದ ಮ್ಯಾಲೆ ಅಪ್ಪ ಎಷ್ಟು ತಿಂತಿದ್ರು?" ಒಂದೋ ಅರ್ಧವೋ ಎಂದು ಹೇಳಲಿ ಎಂಬ ಆಸೆಯಿತ್ತೋ, ಹೆಚ್ಚು ಹೇಳಲಿ ಎಂಬ ಆಸೆಯಿತ್ತೋ, ನನಗೇ ತಿಳಿಯದು.

"ದಿನಾ ಎರಡರೀ," ಎಂದಳು. ಹೊರಗೆ ಮಳೆಯ ಕಡೆ ನೋಡಿ, "ಮಳಿ ಇದ್ರ ಮೂರು."

ಗುರುವಾರದ ನೇಮ ಮಳೆಗಾಲ ದಾಟುತ್ತಿತ್ತೇ ಇಲ್ಲವೇ ಎಂಬುದಕ್ಕೆ ಅದರಲ್ಲಿ ಉತ್ತರವಿದೆಯೋ ಇಲ್ಲವೋ, ನಾನು ಇನ್ನೂ ನಿರ್ಧರಿಸಿಲ್ಲ. ಅಷ್ಟರಲ್ಲಿ ಅವಳು ಇನ್ನೊಂದು ಮಾತು ಹೇಳಿದಳು. ಅಂದು ತಾನು ಕೊಡುವುದಿಲ್ಲ ಎಂದ ಮೇಲೂ ಮಾಸ್ತರರು ಕೈಯಲ್ಲಿ ತೆಗೆದಿಟ್ಟುಕೊಂಡಿದ್ದ ಎರಡು ರೂಪಾಯಿ ಗಾಡಿಯ ಮೇಲೆ ಇಟ್ಟೇ ಹೋದರಂತೆ. ನಾಳೆ ಬಂದಾಗ ತಿರುಗಿ ಕೊಟ್ಟರಾಯಿತು ಎಂದುಕೊಂಡಿದ್ದಳು. ಆ ನಾಳೆ ಬರಲಿಲ್ಲ.

ಸೊಸೆಗೆ ಹೇಳಿ ಎರಡು ಬಿಸಿ ಭಜಿ ಕಟ್ಟಿಸಿದಳು. ನಾನು ರೊಕ್ಕ ತೆಗೆಯಲು ಹೋದರೆ ಕೈ ಅಡ್ಡ ಮಾಡಿದಳು. "ಅವು ಮಾಸ್ತರವು."

ಕೊಡೆಯ ಕೆಳಗೆ ಪೊಟ್ಟಣ ಹಿಡಿದು ಮನೆಗೆ ಬಂದೆ. ಹೆಂಡತಿ ಪೊಟ್ಟಣ ನೋಡಿದಳು, ನನ್ನ ಮುಖ ನೋಡಿದಳು, ಏನೂ ಕೇಳದೆ ತಟ್ಟೆ ತಂದಿಟ್ಟಳು. ಈ ಸಲ ಬಾಗಿಲು ಹಾಕಲಿಲ್ಲ. ಒಂದನ್ನು ಅವಳು ತಿಂದಳು, ಒಂದನ್ನು ನಾನು ತಿಂದೆ. ಆಮೇಲೆ ರಾತ್ರಿಯ ಗುಳಿಗೆ ತೆಗೆದುಕೊಂಡೆ.